ಹಸು ಮಾರಿ ಮೈಸೂರಿಗೆ ಹೊರಡುವ ಮುನ್ನ ಒಂದು ಲೆಕ್ಕ



ನಾನು ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯ ಒಂದು ಹಾಲು ಉತ್ಪಾದಕರ ಸಹಕಾರ ಸಂಘದಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವನು. ಯಾರ ಹಸು ಗಬ್ಬವಾಗಿದೆ, ಯಾರದು ಹಾಲು ಇಳಿಸಿದೆ, ಯಾರ ಮನೆಯಲ್ಲಿ ನೆಂಟರು ಬಂದು ಕ್ಯಾನಿಗೆ ಎರಡು ಲೀಟರ್ ಕಡಿಮೆ ಬಿದ್ದಿದೆ ಎಂಬುದೆಲ್ಲ ಅಳತೆ ಪುಸ್ತಕ ನೋಡಿದರೆ ಗೊತ್ತಾಗಿಬಿಡುತ್ತದೆ. ಒಂದು ಬೆಳಿಗ್ಗೆ ಹಾಲು ಅಳೆದು, ಗೆಜ್ಜಲಗೆರೆಯ ಡೈರಿಗೆ ಹೋಗುವ ಗಾಡಿ ಹೊರಟ ಮೇಲೆ, ಒಬ್ಬ ಸದಸ್ಯರು ಹೋಗದೆ ಅಲ್ಲೇ ನಿಂತಿದ್ದರು. ಏನಪ್ಪ ಎಂದೆ.

"ಸಾ, ನನ್ನ ಷೇರು ದುಡ್ಡು ವಾಪಸ್ ಕೊಟ್ಬುಡಿ. ಹಸ ಎರಡನ್ನೂ ಮಾರ್ತಾ ಇವ್ನಿ. ಮೈಸೂರ್ಗೆ ಹೊಂಟೋಯ್ತೀವಿ."

"ಲೆಕ್ಕ ಹಾಕಿದ್ದೀಯೇನಪ್ಪ?"

"ಅದ್ರಲ್ಲಿ ಲೆಕ್ಕ ಏನದೆ ಸಾ? ಇಲ್ಲಿ ತಿಂಗ್ಳಿಗೆ ಆರು ಸಾವ್ರ ಉಳಿಯದು ಕಷ್ಟ. ಅಲ್ಲಿ ಹದ್ನಾಲ್ಕು ಸಾವ್ರ ಕೈಗೆ ಕೊಡ್ತಾರೆ."

ಆರು ದೊಡ್ಡದೋ ಹದಿನಾಲ್ಕು ದೊಡ್ಡದೋ ಎಂದು ಕೇಳಿದರೆ ಅಂಗನವಾಡಿ ಮಗುವೂ ಉತ್ತರ ಹೇಳುತ್ತದೆ. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಡಬಹುದೇ ಎಂಬುದು ಬೇರೆ ಪ್ರಶ್ನೆ. ಅಂದು ಆ ಸದಸ್ಯರನ್ನು ಕೂರಿಸಿಕೊಂಡು ಹಳೆಯ ಬಟವಾಡೆ ಪಟ್ಟಿಯ ಹಿಂಬದಿಯಲ್ಲಿ ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಊರು ಬಿಡಬೇಡಿ ಎಂದು ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಒಕ್ಕೂಟಕ್ಕೆ ಹಾಲು ಕಡಿಮೆಯಾಗುತ್ತದೆ ಎಂಬ ಕಾರಣಕ್ಕೆ ಒಬ್ಬ ಸದಸ್ಯನನ್ನು ಕೊಟ್ಟಿಗೆಗೆ ಕಟ್ಟಿಹಾಕುವುದು ಸಹಕಾರವಲ್ಲ. ಹೋಗುವವರು ತಿಳಿದು ಹೋಗಲಿ ಎಂಬುದಷ್ಟೇ ಉದ್ದೇಶ.

ಮೈಸೂರೇ ಏಕೆ?

ಹಿಂದೆ ಊರು ಬಿಡುವುದೆಂದರೆ ಬೆಂಗಳೂರು ಸೇರುವುದು ಎಂದೇ ಅರ್ಥ. ಈಗ ನಮ್ಮ ಕಡೆಯವರು ಮೈಸೂರು ಅಥವಾ ಮಂಡ್ಯ ಎನ್ನುವುದು ಹೆಚ್ಚಾಗಿ ಕೇಳಿಬರುತ್ತಿದೆ. ಇದರಲ್ಲಿ ವಿವೇಕವಿದೆ. 2011ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ 84 ಲಕ್ಷ ದಾಟಿತ್ತು; ಮೈಸೂರು 9 ಲಕ್ಷದ ಆಸುಪಾಸು, ಮಂಡ್ಯ 1 ಲಕ್ಷ 37 ಸಾವಿರ. ಮೈಸೂರಿನಂಥ ನಡುವಿನ ಊರಿನಲ್ಲಿ ಮನೆ ಬಾಡಿಗೆ ಬೆಂಗಳೂರಿನಷ್ಟು ಇಲ್ಲ. ಮದ್ದೂರಿನಿಂದ 60 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಊರಿನಲ್ಲಿ ಹಬ್ಬವಾಗಲಿ ಸಾವಾಗಲಿ, ಸುದ್ದಿ ಬಂದ ದಿನವೇ ಬಂದು ಸೇರಬಹುದು. ಕೆ.ಆರ್. ಆಸ್ಪತ್ರೆ ಇದೆ, ಜಯದೇವ ಹೃದ್ರೋಗ ಆಸ್ಪತ್ರೆ ಇದೆ, ಕಾಲೇಜುಗಳಿಗೆ ಲೆಕ್ಕವಿಲ್ಲ. ಹೆಬ್ಬಾಳು, ಮೇಟಗಳ್ಳಿ, ಆಚೆಗೆ ನಂಜನಗೂಡು ಎಂದು ಕೈಗಾರಿಕಾ ಪ್ರದೇಶಗಳಿವೆ.

ಆದರೆ ಬಾಡಿಗೆ ಮಧ್ಯಮವಾಗಿರುವ ಕಡೆ ಸಂಬಳವೂ ಮಧ್ಯಮವೇ. ನಲವತ್ತು ವರ್ಷ ದಾಟಿದ, ಎಸ್.ಎಸ್.ಎಲ್.ಸಿ. ಮುಗಿಸದ ನಮ್ಮ ರೈತನಿಗೆ ಅಲ್ಲಿ ಸಿಗುವ ಕೆಲಸ ಸಾಮಾನ್ಯವಾಗಿ ಕಾವಲುಗಾರನದು, ಹೋಟೆಲಿನದು, ಗಾರೆಯದು, ಇಲ್ಲವೇ ಕಾರ್ಖಾನೆಯಲ್ಲಿ ಗುತ್ತಿಗೆದಾರನ ಕೈಕೆಳಗಿನದು. ಐ.ಟಿ.ಐ. ಮಾಡಿದ ಮಗನಿಗೆ ಸಿಗುವ ಕೆಲಸವನ್ನು ಅಪ್ಪನಿಗೂ ಸಿಗುತ್ತದೆಂದು ಎಣಿಸಿಕೊಳ್ಳಬಾರದು.

ಕೊಟ್ಟಿಗೆಯ ಲೆಕ್ಕ

ಎರಡು ಮಿಶ್ರತಳಿ ಹಸು ಎಂದಿಟ್ಟುಕೊಳ್ಳೋಣ, ನಾವು ಸೀಮೆ ಹಸು ಎನ್ನುತ್ತೇವಲ್ಲ, ಅವೇ. ಒಂದೊಂದು ವರ್ಷಕ್ಕೆ 300 ದಿನ, ಸರಾಸರಿ ದಿನಕ್ಕೆ 8 ಲೀಟರ್ ಕರೆದರೆ, ಎರಡರಿಂದ ವರ್ಷಕ್ಕೆ 4,800 ಲೀಟರ್. ಮನೆಗೆ 400 ಲೀಟರ್ ಉಳಿಸಿಕೊಂಡರೆ ಸಂಘಕ್ಕೆ 4,400 ಲೀಟರ್. ದರವನ್ನು ಲೆಕ್ಕಕ್ಕಾಗಿ ಲೀಟರಿಗೆ 35 ರೂ. ಎಂದು ಹಿಡಿಯೋಣ. ಜಿಡ್ಡು 3.5, ಜಿಡ್ಡೇತರ ಘನಾಂಶ 8.5 ಇದ್ದರೆ ಪೂರ್ತಿ ದರ; ಕಡಿಮೆಯಾದರೆ ಕಡಿತ ಎಂಬುದು ನಿಮಗೆ ಗೊತ್ತೇ ಇದೆ. ಇದರ ಮೇಲೆ ಸರ್ಕಾರದ ಪ್ರೋತ್ಸಾಹಧನ 5 ರೂ. (2008ರಲ್ಲಿ 2 ರೂಪಾಯಿಯಿಂದ ಶುರುವಾದ ಹಣ ಇದು, ಕೆಲವೊಮ್ಮೆ ತಡವಾಗಿ ಬರುತ್ತದೆ, ಆದರೂ ಲೆಕ್ಕಕ್ಕೆ ಸೇರಿಸೋಣ.) ಒಟ್ಟು 40 ರೂಪಾಯಿಯಂತೆ ವರ್ಷಕ್ಕೆ 1,76,000 ರೂ.

ಈಗ ಖರ್ಚು. ಹಸುವಿನ ಶರೀರ ಪೋಷಣೆಗೆ ದಿನಕ್ಕೆ ಒಂದೂವರೆ ಕಿಲೋ ಪಶು ಆಹಾರ, ಕರೆಯುವ ಪ್ರತಿ ಲೀಟರಿಗೆ 400 ಗ್ರಾಂ. ಬತ್ತಿಸಿದ ತಿಂಗಳುಗಳಲ್ಲಿ ಹಾಲಿಲ್ಲದಿದ್ದರೂ ಹೊಟ್ಟೆ ಇದ್ದೇ ಇರುತ್ತದೆ, ಹೊಟ್ಟೆಯಲ್ಲಿ ಕರುವೂ ಇರುತ್ತದೆ. ಎರಡು ಹಸುವಿಗೆ ವರ್ಷಕ್ಕೆ ಸುಮಾರು 3,000 ಕಿಲೋ, ಅಂದರೆ 50 ಕಿಲೋದ 60 ಮೂಟೆ. ಮೂಟೆಗೆ 1,300 ರೂ. ಎಂದರೆ 78,000. ಕೊಂಡು ಹಾಕುವ ಒಣಹುಲ್ಲಿಗೆ 15,000. ಖನಿಜ ಮಿಶ್ರಣ, ಔಷಧಿ, ಕೃತಕ ಗರ್ಭಧಾರಣೆ, ವಿಮೆ ಎಲ್ಲ ಸೇರಿ 10,000. ಒಟ್ಟು ಖರ್ಚು 1,03,000. ಉಳಿಯುವುದು 73,000 ರೂ. ತಿಂಗಳಿಗೆ 6,083. ಹಸಿಮೇವು ಸ್ವಂತದ್ದು, ಬದುವಿನ ಹುಲ್ಲು, ಕಬ್ಬಿನ ಸೋಗೆ. ಅದಕ್ಕೆ ದುಡ್ಡು ಹಾಕಿಲ್ಲ. ನಿಮ್ಮ ಚೀಟಿಯಲ್ಲಿರುವ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಂಡು ನೋಡಿ.

ಆ ಸದಸ್ಯರು ಹೇಳಿದ ಆರು ಸಾವಿರ ಸುಳ್ಳಾಗಿರಲಿಲ್ಲ ಎಂದಾಯಿತು. ಕೂಲಿಯ ಮಾತನ್ನೂ ಮುಚ್ಚಿಡುವುದಿಲ್ಲ. ಸಗಣಿ ಬಾಚಿ, ಮೇವು ಕೊಯ್ದು ತಂದು, ಮೈ ತೊಳೆದು, ಎರಡು ಹೊತ್ತು ಕರೆದು ಸಂಘಕ್ಕೆ ಒಯ್ಯುವುದಕ್ಕೆ ಮನೆಮಂದಿಯೆಲ್ಲ ಸೇರಿ ದಿನಕ್ಕೆ ಆರು ಗಂಟೆಯಾದರೂ ಬೇಕು. ತಿಂಗಳಿಗೆ 180 ಗಂಟೆ. ಗಂಟೆಗೆ 34 ರೂಪಾಯಿ ಬಿತ್ತು. ಮನೆಗೆ ಉಳಿಸಿಕೊಂಡ 400 ಲೀಟರ್ ಹಾಲನ್ನು ಅಂಗಡಿಯಲ್ಲಿ ಕೊಳ್ಳಬೇಕಾಗಿದ್ದರೆ ಎಷ್ಟಾಗುತ್ತಿತ್ತು? ನಂದಿನಿ ಟೋನ್ಡ್ ಹಾಲಿಗೆ 2025ರ ಏಪ್ರಿಲ್‌ನಿಂದ ಲೀಟರಿಗೆ 46 ರೂ. ಆದುದರಿಂದ ಅದು 18,400. ಅದನ್ನೂ ಸೇರಿಸಿದರೆ ಗಂಟೆಗೆ 42 ರೂಪಾಯಿ. ಗೊಬ್ಬರ ಮತ್ತು ಕರು ಇದರ ಹೊರಗೆ.

ಬಾಡಿಗೆ ಮನೆಯ ಲೆಕ್ಕ

ಹದಿನಾಲ್ಕು ಸಾವಿರ ಕೈಗೆ ಬರುವುದು ನಿಜ. ಆದರೆ ಎಷ್ಟು ಗಂಟೆಗೆ? ಎಂಟು ಗಂಟೆಯ ಪಾಳಿ, ತಿಂಗಳಿಗೆ 26 ದಿನವಾದರೆ ಗಂಟೆಗೆ 67 ರೂಪಾಯಿ. ಕಾವಲುಗಾರನ ಕೆಲಸದಲ್ಲಿ ಹನ್ನೆರಡು ಗಂಟೆಯ ಪಾಳಿ ಸಾಮಾನ್ಯ. ಆಗ ಅದೇ ಸಂಬಳ ಗಂಟೆಗೆ 45 ರೂಪಾಯಿಗೆ ಇಳಿಯುತ್ತದೆ. ಹೋಗಿ ಬರುವ ಹೊತ್ತು ಬೇರೆ. ಕೊಟ್ಟಿಗೆಯ 42 ರೂಪಾಯಿಗೂ ಇದಕ್ಕೂ ಎಷ್ಟು ಅಂತರ ಉಳಿಯಿತು ನೋಡಿ. ಆದ್ದರಿಂದ ಸಂಬಳ ಎಷ್ಟು ಎಂದು ಕೇಳುವ ಮೊದಲು ಪಾಳಿ ಎಷ್ಟು ಎಂದು ಕೇಳಬೇಕು.

ಹೆಂಡತಿಯೂ ದುಡಿದು 10,000 ತರುತ್ತಾರೆ ಎನ್ನೋಣ. ಮನೆಗೆ 24,000 ಬಂತು. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ತಿಂಗಳ ಖರ್ಚು ಅಂದಾಜು ಹೀಗಿದೆ:

ಮನೆ ಬಾಡಿಗೆ – ರೂ. 7,000
ನೀರು ಮತ್ತು ಸಣ್ಣಪುಟ್ಟದ್ದು – ರೂ. 500
ಹಾಲು, ದಿನಕ್ಕೆ ಒಂದೂವರೆ ಲೀಟರ್ – ರೂ. 2,070
ಗ್ಯಾಸ್ – ರೂ. 900
ದಿನಸಿ, ತರಕಾರಿ – ರೂ. 6,000
ಶಾಲೆ ಫೀಸು, ಮನೆಪಾಠ, ವ್ಯಾನು – ರೂ. 3,500
ಕೆಲಸಕ್ಕೆ ಓಡಾಟ – ರೂ. 2,500
ಊರಿಗೆ ಹೋಗಿಬರುವುದು, ಮುಯ್ಯಿ – ರೂ. 1,500
ಒಟ್ಟು – ರೂ. 23,970

ಉಳಿತಾಯ 30 ರೂಪಾಯಿ. ಇದರಲ್ಲಿ ಆಸ್ಪತ್ರೆ ಇಲ್ಲ, ಬಟ್ಟೆ ಇಲ್ಲ, ಊರಿನಲ್ಲಿರುವ ಅಪ್ಪ ಅವ್ವನಿಗೆ ಕಳಿಸುವ ದುಡ್ಡೂ ಇಲ್ಲ. ಹೆಂಡತಿ ದುಡಿಯಲಾಗದಿದ್ದರೆ ತಿಂಗಳಿಗೆ ಹತ್ತು ಸಾವಿರದ ಹತ್ತಿರ ಕೊರತೆ. 2023ರಲ್ಲಿ ಶುರುವಾದ ಗೃಹಜ್ಯೋತಿ, ಗೃಹಲಕ್ಷ್ಮಿ, ಹೆಣ್ಣುಮಕ್ಕಳ ಉಚಿತ ಬಸ್ ಪ್ರಯಾಣ ಇವು ಊರಲ್ಲಿದ್ದರೂ ಪಟ್ಟಣದಲ್ಲಿದ್ದರೂ ಸಿಗುವಂಥವು. ಆದುದರಿಂದ ಅವನ್ನು ಎರಡೂ ಕಡೆಯಿಂದ ಬಿಟ್ಟಿದ್ದೇನೆ.

ನಮ್ಮವರಿಗೆ ಮೊದಲ ತಿಂಗಳಲ್ಲಿ ಕಣ್ಣಿಗೆ ಬೀಳುವುದು ಹಾಲಿನ ಬಾಬು. ಹುಟ್ಟಿದಾಗಿನಿಂದ ಚೊಂಬಿನಲ್ಲಿ ಹಾಲು ಕಂಡವರು ಪ್ಯಾಕೆಟ್ಟಿನ ತುದಿ ಕತ್ತರಿಸುವಾಗ ಕೈ ತಡೆಯುತ್ತದೆ. ಮಕ್ಕಳ ಲೋಟದ ಅಳತೆ ಕಡಿಮೆಯಾಗುವುದು ಯಾರಿಗೂ ಹೇಳದೆ ಆಗುವ ಸಂಗತಿ.

ಹಸು ಮಾರಿದ ದುಡ್ಡು ಕೈಯಲ್ಲಿರುತ್ತದಲ್ಲ ಎನ್ನುತ್ತಾರೆ. ಎರಡಕ್ಕೆ 1,20,000 ಬಂತೆನ್ನಿ. ಮನೆಗೆ ಮುಂಗಡ 60,000. ಸಾಮಾನು ಸಾಗಣೆ, ಮಂಚ, ಶಾಲೆಯ ದಾಖಲಾತಿ 35,000. ಉಳಿಯುವುದು 25,000, ಅದು ಮೇಲಿನ ಪಟ್ಟಿಯ ಒಂದು ತಿಂಗಳ ಖರ್ಚು. ಹಸುವಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಅದೂ ಇಲ್ಲ. ಮುಂಗಡ ಹಣವೇನೋ ಮನೆ ಬಿಟ್ಟಾಗ ವಾಪಸ್ ಬರಬೇಕಾದದ್ದು. ಸುಣ್ಣಬಣ್ಣಕ್ಕೆಂದು ಮುರಿದುಕೊಂಡು ಎಷ್ಟು ಬರುತ್ತದೆ ಎಂಬುದನ್ನು ಅನುಭವಿಸಿದವರನ್ನೇ ಕೇಳಿ. ಕರಾರುಪತ್ರ ಬರೆಸಿಕೊಳ್ಳದವರಿಗೆ ಕೇಳುವ ಬಾಯಿಯೂ ಇರುವುದಿಲ್ಲ.

ಯಾವುದು ಗಟ್ಟಿ?

ಸಂಬಳ ತಪ್ಪದೆ ಬರುತ್ತದೆ, ಹಸು ಯಾವಾಗ ಕೈಕೊಡುತ್ತದೋ ಹೇಳಲಾಗದು ಎಂಬುದು ಎರಡನೆಯ ವಾದ. ಇದರಲ್ಲಿ ಅರ್ಧ ನಿಜವಿದೆ. 2013ರ ಕಾಲುಬಾಯಿ ಜ್ವರದಲ್ಲಿ, 2022ರ ಚರ್ಮಗಂಟು ರೋಗದಲ್ಲಿ ರಾಜ್ಯದ ಎಷ್ಟೋ ಮನೆಗಳ ಕೊಟ್ಟಿಗೆ ಬರಿದಾಯಿತು. ವಿಮೆ ಮಾಡಿಸದವರು ತಲೆಯ ಮೇಲೆ ಕೈಹೊತ್ತು ಕೂತರು. 2023ರ ಬರದಲ್ಲಿ ನಾಲೆಯ ನೀರನ್ನೇ ನಂಬಿದ್ದವರಿಗೆ ಹಸಿಮೇವು ಸಾಲಲಿಲ್ಲ. ಹಾಲು ಹೆಚ್ಚಾದ ಕಾಲದಲ್ಲಿ ಒಕ್ಕೂಟಗಳು ದರ ಇಳಿಸಿದ್ದೂ ಉಂಟು. ನಮ್ಮದೇ ಪತ್ರಿಕೆಯಲ್ಲಿ ಇದನ್ನು ಬರೆಯಲು ಸಂಕೋಚವಿಲ್ಲ.

ಆದರೆ ಕಾರ್ಖಾನೆಯೂ ಗೂಟ ಹೊಡೆದ ಹಾಗೆ ನಿಲ್ಲುವುದಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮೋಟಾರ್ ಸೈಕಲ್ ತಯಾರಿಸಿತು. ನಮ್ಮ ಕಡೆಯಲ್ಲೂ ಜಾವಾ, ಯೆಜ್ಡಿ ಗಾಡಿಯ ಸದ್ದು ಕೇಳದ ಊರಿರಲಿಲ್ಲ. 1996ರಲ್ಲಿ ಅದು ಮುಚ್ಚಿತು. ಮಂಡ್ಯದ ನಮ್ಮ ಮೈಷುಗರ್ ವರ್ಷಗಟ್ಟಲೆ ಕಬ್ಬು ಅರೆಯದೆ ನಿಂತು, 2022ರಲ್ಲಿ ಮತ್ತೆ ಶುರುವಾಯಿತು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಲಾಕ್‌ಡೌನ್ ಬಂದಾಗ ಹೋಟೆಲು, ಗಾರೆ ಕೆಲಸ, ಬಟ್ಟೆ ಕಾರ್ಖಾನೆ ಎಲ್ಲ ಒಂದೇ ದಿನ ನಿಂತವು. ಬಾಡಿಗೆ ಮಾತ್ರ ನಿಲ್ಲಲಿಲ್ಲ. ಪಟ್ಟಣ ಸೇರಿದವರು ಗಂಟುಮೂಟೆಯೊಂದಿಗೆ ಊರಿಗೆ ಬಂದರು. ಆಗ ನಮ್ಮ ಹಳ್ಳಿಗಳಲ್ಲಿ ಹಾಲಿನ ಸಂಘಗಳು ಬೆಳಿಗ್ಗೆ ಸಂಜೆ ಬಾಗಿಲು ತೆಗೆಯುತ್ತಿದ್ದವು. ಮಾರಾಟವಾಗದೆ ಉಳಿದ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಹಂಚಿತು. ಬಂದವರಲ್ಲಿ ಯಾರ ಮನೆಯಲ್ಲಿ ಒಂದು ಹಸು ಉಳಿದಿತ್ತೋ ಅವರಿಗೆ ಸಂಜೆ ಮಾಡಲು ಕೆಲಸವಿತ್ತು, ವಾರಕ್ಕೊಮ್ಮೆ ಕೈಗೆ ಚಿಲ್ಲರೆಯಿತ್ತು. ಕೊಟ್ಟಿಗೆಯ ಹೆಂಚು ಇಳಿಸಿ ಮಾರಿದ್ದವರೂ ಇದ್ದರು.

ಕೆಲಸಕ್ಕೆ ಸೇರುವವರು ಒಂದು ಸಂಗತಿ ಮರೆಯಬಾರದು. ಭವಿಷ್ಯನಿಧಿ ಮತ್ತು ಇ.ಎಸ್.ಐ. ಇದೆಯೇ ಎಂದು ಮೊದಲ ದಿನವೇ ಕೇಳಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ ಇ.ಎಸ್.ಐ. ಅನ್ವಯಿಸುತ್ತದೆ, ಕಾರ್ಮಿಕರಿಂದ ನೂರಕ್ಕೆ 75 ಪೈಸೆ, ಮಾಲೀಕರಿಂದ 3 ರೂಪಾಯಿ 25 ಪೈಸೆ ಕಟ್ಟಬೇಕು. ಭವಿಷ್ಯನಿಧಿಯ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ನಲವತ್ತೈದನೆಯ ವಯಸ್ಸಿನಲ್ಲಿ ಸೇರಿ, ಎರಡು ವರ್ಷಕ್ಕೊಮ್ಮೆ ಗುತ್ತಿಗೆದಾರ ಬದಲಾದಾಗ ಹಳೆಯ ಖಾತೆ ಮುಂದುವರಿಸಿಕೊಳ್ಳದೆ ಬಿಟ್ಟರೆ ಆ ಹತ್ತು ವರ್ಷ ಪುಸ್ತಕದಲ್ಲಿ ಕೂಡಿ ಬರುವುದಿಲ್ಲ. ಇವೆರಡೂ ಸರಿಯಾಗಿರುವ ಕೆಲಸ ಸಿಕ್ಕರೆ, ಅದು ನಮ್ಮ ಹೈನಿನಲ್ಲಿ ಇಲ್ಲದ ಭದ್ರತೆ ಎಂದು ಒಪ್ಪಲೇಬೇಕು. ಹಸುವಿಗೆ ಪಿಂಚಣಿ ಕೊಡುವ ಅಭ್ಯಾಸವಿಲ್ಲ.

ಮನೆಯ ಹೆಣ್ಣುಮಕ್ಕಳನ್ನು ಕೇಳಿದ್ದೀರಾ?

ಹಸು ಮಾರುವ ಮಾತು ಜಗುಲಿಯಲ್ಲಿ ಗಂಡಸರ ನಡುವೆ ಮುಗಿಯುತ್ತದೆ. ಹಾಗೆಯೇ ಹಸು ಉಳಿಸಿಕೊಳ್ಳುವ ಮಾತೂ. ಮೇಲೆ ಹೇಳಿದ ಆರು ಗಂಟೆಯಲ್ಲಿ ನಾಲ್ಕು ಗಂಟೆಯಾದರೂ ಅವರದು. ಬೆಳಗಿನ ಐದಕ್ಕೆ ಏಳುವುದು ಅವರು, ನೆಂಟರ ಮನೆಯಲ್ಲಿ ಒಂದು ರಾತ್ರಿ ನಿಲ್ಲಲಾಗದೆ ಸಂಜೆ ಕರೆಯುವ ಹೊತ್ತಿಗೆ ಓಡಿ ಬರುವುದೂ ಅವರು. ಊರು ಬಿಡೋಣ ಎಂದು ಮೊದಲು ಹೇಳುವವರು ಅವರೇ ಆಗಿದ್ದರೆ ಅದಕ್ಕೆ ಕಾರಣವಿದೆ.

ಇನ್ನೊಂದು ಮುಖವೂ ಇದೆ. ನಮ್ಮ ಜಿಲ್ಲೆಯಲ್ಲಿ ಮಹಿಳೆಯರದೇ ಹಾಲಿನ ಸಂಘಗಳಿವೆ. ಬೇರೆ ಸಂಘಗಳಲ್ಲೂ ಎಷ್ಟೋ ಮನೆಗಳ ಸದಸ್ಯತ್ವ ಹೆಂಡತಿಯ ಹೆಸರಿನಲ್ಲಿದೆ. ಬಟವಾಡೆ ಅವರ ಖಾತೆಗೆ ಬೀಳುತ್ತದೆ. ಮನೆಯಲ್ಲಿ ಅವರ ಮಾತಿಗೆ ತೂಕ ಬಂದದ್ದು ಆ ಖಾತೆಯಿಂದ. ಹಸು ಹೋದರೆ ಆ ಖಾತೆಯೂ ಹೋಗುತ್ತದೆ. ಪಟ್ಟಣದಲ್ಲಿ ಅವರಿಗೂ ಒಂದು ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಸೊಪ್ಪಿಗೂ ಗಂಡನ ಕೈ ನೋಡಬೇಕಾದೀತು. ಮೈಸೂರಿಗೆ ಹೋಗಿ ಎರಡು ವರ್ಷವಾದ ನಮ್ಮ ಊರಿನ ಒಬ್ಬ ತಾಯಿ ಹಬ್ಬಕ್ಕೆ ಬಂದಾಗ ಹೇಗಿದೆಯಮ್ಮ ಎಂದು ಕೇಳಿದೆ. "ಐದ್ ಗಂಟೆಗೆ ಏಳದು ತಪ್ತು ಅನ್ಕಂಡೆ ಸಾ. ಅಲ್ಲಿ ನೀರು ಬರದೇ ಐದ್ ಗಂಟೆಗೆ" ಎಂದು ನಕ್ಕರು. ಆಮೇಲೆ, "ಆದ್ರೂ ಮಗಳು ಕಾಲೇಜ್ಗೆ ನಡ್ಕಂಡೇ ಹೋಯ್ತಾಳೆ. ಅದೊಂದು ನೆಮ್ಮದಿ" ಎಂದರು. ಅವರ ಮಾತಿನ ಎರಡೂ ಭಾಗವನ್ನು ಬರೆಯುವುದು ನ್ಯಾಯ.

ಬಿಟ್ಟು ಹೋಗುವಾಗ ಕಳಚುವ ಕೊಂಡಿಗಳು

ಷೇರು ಹಣ ವಾಪಸ್ ಪಡೆದರೆ ಸಿಗುವುದು ಸಣ್ಣ ಮೊತ್ತ. ಹೋಗುವುದು ಸದಸ್ಯತ್ವ. ಅದರೊಂದಿಗೆ ಬೋನಸ್ಸು, ಮತದಾನದ ಹಕ್ಕು, ಹಸುವಿನ ವಿಮೆಗೆ ಸಿಗುವ ನೆರವು ಎಲ್ಲ ಹೋಗುತ್ತವೆ. ಯಶಸ್ವಿನಿ ಆರೋಗ್ಯ ಯೋಜನೆಯ ಮಾತೂ ಅಷ್ಟೇ. 2003ರಲ್ಲಿ ಶುರುವಾಗಿ, 2018ರಲ್ಲಿ ಬೇರೆ ಯೋಜನೆಯಲ್ಲಿ ಸೇರಿಹೋಗಿದ್ದ ಯಶಸ್ವಿನಿ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ಗ್ರಾಮೀಣ ಸಹಕಾರ ಸಂಘದ ಸದಸ್ಯನಿಗೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂ. ವಂತಿಗೆ, ಚಿಕಿತ್ಸೆಗೆ 5 ಲಕ್ಷದವರೆಗೆ ಮಿತಿ. ಅದಕ್ಕೆ ಬುನಾದಿ ಸಹಕಾರ ಸಂಘದ ಸದಸ್ಯತ್ವ. ಪಟ್ಟಣದಲ್ಲಿ ಬೇರೊಂದು ಸಹಕಾರ ಸಂಘದ ಸದಸ್ಯರಾಗಿ ಸೇರಬಹುದು, ವಂತಿಗೆ ಹೆಚ್ಚು. ಅದಾಗುವ ಮೊದಲೇ ಇಲ್ಲಿಯದನ್ನು ಕಳೆದುಕೊಂಡವರು ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನಗೆ ಫೋನು ಮಾಡಿದ್ದಾರೆ. ನಾನು ಏನೂ ಮಾಡಲಾಗಲಿಲ್ಲ. ಸದಸ್ಯತ್ವ ಉಳಿಯಬೇಕಾದರೆ ವರ್ಷದಲ್ಲಿ ಎಷ್ಟು ದಿನ, ಎಷ್ಟು ಲೀಟರ್ ಹಾಲು ಹಾಕಬೇಕೆಂದು ನಿಮ್ಮ ಸಂಘದ ಉಪವಿಧಿಯಲ್ಲಿ ಬರೆದಿರುತ್ತದೆ. ಓದಿಸಿ ಕೇಳಿ.

ಜಮೀನಿನ ವಿಷಯ ಇನ್ನೂ ನಾಜೂಕು. ಹೋಗುವವರು ಸಾಮಾನ್ಯವಾಗಿ ಅಣ್ಣತಮ್ಮಂದಿರಿಗೋ ಪಕ್ಕದವರಿಗೋ ವಾರಕ್ಕೆ ಕೊಟ್ಟು ಹೋಗುತ್ತಾರೆ. 1974ರ ಮಾರ್ಚ್ 1ರಿಂದ ನಮ್ಮ ರಾಜ್ಯದಲ್ಲಿ ಗೇಣಿ ಪದ್ಧತಿ ರದ್ದಾಗಿದೆ. ಹೀಗಾಗಿ ಇದೆಲ್ಲ ಬಾಯಿ ಮಾತಿನಲ್ಲಿ ನಡೆಯುವುದು. ಕೊಟ್ಟವನಿಗೂ ಮಾಡುವವನಿಗೂ ಕಾಗದದ ಆಧಾರವಿಲ್ಲ. ಪಹಣಿ ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ, ಭಾಗ ಆಗಿದ್ದರೆ ನೋಂದಣಿ ಮಾಡಿಸಿ ಆಮೇಲೆ ಹೊರಡಿ. ಮಾರುವ ವಿಚಾರವಿದ್ದರೆ ಇನ್ನೂ ಎರಡು ಸಲ ಯೋಚಿಸಿ. 2020ರ ಭೂಸುಧಾರಣಾ ಕಾಯಿದೆ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ಘಾಟನೆ ನಡೆದದ್ದು ನಮ್ಮ ಗೆಜ್ಜಲಗೆರೆಯಲ್ಲೇ. ಹಾಗಾಗಿ ಇಂದು ಮಾರಿದ ಅರ್ಧ ಎಕರೆಯನ್ನು ನಾಳೆ ಕೊಳ್ಳಲು ಹೋದರೆ ಎದುರಿಗೆ ಹಣವಂತರು ನಿಂತಿರುತ್ತಾರೆ. ಇಲ್ಲಿ ಜಮೀನು ಮಾರಿ ಅಲ್ಲಿ ನಿವೇಶನ ಕೊಳ್ಳುವವರು ಭೂಪರಿವರ್ತನೆ ಆಗಿದೆಯೇ, ಬಡಾವಣೆಗೆ ಅನುಮೋದನೆ ಇದೆಯೇ ಎಂದು ನೋಡದೆ ಮುಂಗಡ ಕೊಡಬಾರದು. ನನ್ನ ತಮ್ಮ ಕೊಟ್ಟ. ಕಲ್ಲು ನೆಟ್ಟ ಒಂದು ಖಾಲಿ ಜಾಗ ಅವನಿಗೆ ಇದೆ, ಅದರ ಮೇಲೆ ಇಂದಿಗೂ ಮನೆ ಇಲ್ಲ.

ಯಾರು ಹೋಗಬಹುದು, ಯಾರು ತಡೆಯಬಹುದು

ನನ್ನ ಅಭಿಪ್ರಾಯ ಕೇಳುವವರಿಗೆ ಹೇಳುತ್ತೇನೆ. ಸ್ವಂತ ಮೇವಿಲ್ಲದೆ, ಹುಲ್ಲು ಸೋಗೆ ಎಲ್ಲವನ್ನೂ ಕೊಂಡು ಹಾಕುತ್ತಿರುವ ಮನೆಯಲ್ಲಿ ಎರಡು ಹಸುವಿನಿಂದ ಉಳಿಯುವುದು ಬಹಳ ಕಡಿಮೆ. ಅಂಥವರ ಕೈಯಲ್ಲಿ ಒಂದು ಕಸುಬು ಇದ್ದರೆ, ಉದಾಹರಣೆಗೆ ವೆಲ್ಡಿಂಗ್, ವೈರಿಂಗ್, ದೊಡ್ಡ ಗಾಡಿಯ ಲೈಸೆನ್ಸು, ಹೊಲಿಗೆ, ಅವರು ಹೋಗುವುದರಲ್ಲಿ ತಪ್ಪಿಲ್ಲ. ಹೋಗಿ ಚೆನ್ನಾಗಿರುವವರನ್ನು ನಾನು ಬಲ್ಲೆ. ಮನೆಯಲ್ಲಿ ನಿರಂತರ ಚಿಕಿತ್ಸೆ ಬೇಕಾದ ರೋಗಿಯಿದ್ದರೂ ಲೆಕ್ಕ ಬೇರೆಯಾಗುತ್ತದೆ.

ಒಂದು ಮಗುವಿನ ಓದಿಗಾಗಿ ಇಡೀ ಕೊಟ್ಟಿಗೆ ಖಾಲಿ ಮಾಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಪಿ.ಯು.ಸಿ. ದಾಟಿದ ಮಕ್ಕಳಿಗೆ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ ವಿದ್ಯಾರ್ಥಿನಿಲಯಗಳಿವೆ. ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆಯಿದೆ. ಮೊದಲು ಮಗುವನ್ನು ಕಳಿಸಿ ನೋಡಬಹುದು.

ಇನ್ನೊಂದು ದಾರಿ ಓಡಾಟದ್ದು. ಮಂಡ್ಯ ಮದ್ದೂರಿಗೆ 20 ಕಿಲೋಮೀಟರ್. ವೈದ್ಯಕೀಯ ಕಾಲೇಜು ಆಸ್ಪತ್ರೆ, ಇಂಜಿನಿಯರಿಂಗ್ ಕಾಲೇಜು ಅಲ್ಲೇ ಇವೆ. ಗೆಜ್ಜಲಗೆರೆ, ಸೋಮನಹಳ್ಳಿಯ ಕೈಗಾರಿಕಾ ಪ್ರದೇಶಗಳು ಇನ್ನೂ ಹತ್ತಿರ. ಮದ್ದೂರಿನಿಂದ ಮೈಸೂರಿಗೆ ರೈಲಿನ ಮಾಸಿಕ ಪಾಸು ಬಸ್ಸಿನ ಖರ್ಚಿಗಿಂತ ಬಹಳ ಅಗ್ಗ, ಜೋಡಿ ಹಳಿಯಾದ ಮೇಲೆ ಗಾಡಿಗಳೂ ಹೆಚ್ಚಿವೆ. ಬೈಕಿನಲ್ಲಿ ಹೋಗುತ್ತೇನೆ ಎನ್ನುವವರಿಗೆ ಒಂದು ಮಾತು: 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಪಕ್ಕದ ಸರ್ವೀಸ್ ರಸ್ತೆಯಲ್ಲೇ ಹೋಗಬೇಕು, ಹೊತ್ತು ಹೆಚ್ಚು ಹಿಡಿಯುತ್ತದೆ. ಓಡಾಟದಿಂದ ಮೈ ದಣಿಯುತ್ತದೆ, ನಿಜ. ಆದರೆ 7,000 ಬಾಡಿಗೆ ಉಳಿಯುತ್ತದೆ, 2,070ರ ಹಾಲು ಉಳಿಯುತ್ತದೆ. ಹಸುವನ್ನು ಎರಡರಿಂದ ಒಂದಕ್ಕೆ ಇಳಿಸಿದರೆ ಮನೆಯಲ್ಲಿ ಉಳಿಯುವವರಿಗೂ ಕೆಲಸ ಅರ್ಧವಾಗುತ್ತದೆ.

ಹೋಗಲೇಬೇಕೆಂದು ತೀರ್ಮಾನಿಸಿದವರು ಆರು ತಿಂಗಳ ವಾಯಿದೆ ಇಟ್ಟುಕೊಳ್ಳಲಿ. ಮೊದಲು ಒಬ್ಬರು ಹೋಗಲಿ; ಬತ್ತಿದ ಅಥವಾ ಮುದಿಯಾದ ಹಸುವನ್ನು ಮಾರಿ, ಗಬ್ಬದ ಹಸುವನ್ನು ಉಳಿಸಲಿ. ಮಾರುವ ಹಸುವಿಗೂ ಸಮಯ ನೋಡಬೇಕು. ಕರು ಹಾಕಿ ತಿಂಗಳೊಪ್ಪತ್ತಿನಲ್ಲಿ ಮಾರಿದರೆ ಬರುವ ಬೆಲೆಗೂ, ಬತ್ತಿಸಿದ ಮೇಲೆ ಅವಸರಕ್ಕೆ ಮಾರಿದರೆ ಬರುವ ಬೆಲೆಗೂ ಅಜಗಜಾಂತರ. ಶಾಲೆ ಶುರುವಾಗುವ ಜೂನ್ ತಿಂಗಳ ಒತ್ತಡದಲ್ಲಿ ಹಸು ಹೊಡೆದುಕೊಂಡು ಸಂತೆಗೆ ಹೋಗುವ ನಮ್ಮವರನ್ನು ದಲ್ಲಾಳಿಗಳು ದೂರದಿಂದಲೇ ಗುರುತು ಹಿಡಿಯುತ್ತಾರೆ.

ಅಂದು ಬಂದಿದ್ದ ಸದಸ್ಯರ ಕತೆ ಕೇಳುವಿರಾದರೆ, ಅವರು ಲೆಕ್ಕ ನೋಡಿ ಒಂದು ಮಾತೂ ಆಡದೆ ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಹೋದರು. ನಾಲ್ಕು ದಿನದ ಮೇಲೆ ಹೆಂಡತಿಯೊಂದಿಗೆ ಬಂದರು. ಒಂದು ಹಸು ಮಾರಿದರು, ಅವರು ಒಬ್ಬರೇ ಮೈಸೂರಿಗೆ ಹೋಗಿ ಇಬ್ಬರು ಗೆಳೆಯರ ಜೊತೆ ಕೋಣೆ ಹಿಡಿದರು. ಎಂಟು ಗಂಟೆ ಪಾಳಿಯ ಕೆಲಸ ಹುಡುಕಿಕೊಳ್ಳಲು ಐದು ತಿಂಗಳಾಯಿತು. ಸದಸ್ಯತ್ವವನ್ನು ಹೆಂಡತಿಯ ಹೆಸರಿಗೆ ಮಾಡಿಸಿದ್ದಾರೆ, ಇನ್ನೊಂದು ಹಸು ಅವರ ತಾಯಿಯ ಕೈಯಲ್ಲಿದೆ. ಬರುವ ಜೂನ್‌ಗೆ ಎಲ್ಲರೂ ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ, ಮಗಳ ಎಸ್.ಎಸ್.ಎಲ್.ಸಿ. ಫಲಿತಾಂಶ ಬರಲಿ ಎಂದು ಕಾಯುತ್ತಿದ್ದಾರೆ.

ನಿಮ್ಮ ಮನೆಯಲ್ಲೂ ಈ ಮಾತು ನಡೆಯುತ್ತಿದ್ದರೆ, ನಿಮ್ಮ ಸಂಘದ ಕಾರ್ಯದರ್ಶಿಯಿಂದ ಹಿಂದಿನ ಹನ್ನೆರಡು ತಿಂಗಳ ಬಟವಾಡೆ ವಿವರ ಮತ್ತು ಪಶು ಆಹಾರದ ಕಡಿತದ ಪಟ್ಟಿ ಬರೆಸಿಕೊಳ್ಳಿ. ಒಂದೆರಡು ತಿಂಗಳದ್ದು ಸಾಲದು, ಹಸು ಬತ್ತಿದ ತಿಂಗಳುಗಳೂ ಅದರಲ್ಲಿರಬೇಕು. ಕೇಳುವುದಾದರೆ ಬೆಳಗಿನ ಹಾಲಿನ ಗಾಡಿ ಹೊರಟ ಮೇಲೆ ಹೋಗಿ. ಅಳತೆಯ ಹೊತ್ತಿನಲ್ಲಿ ಕೇಳಿದರೆ ಯಾವ ಕಾರ್ಯದರ್ಶಿಯೂ ಸಮಾಧಾನದಿಂದ ಉತ್ತರ ಕೊಡಲಾರ.